ನಲವತ್ತನೆಯ ಒಲೆ

ಊರಿಗೆ ಊರೇ ನೆಲಕ್ಕೆ ಕುಸಿದು ಕೂತಿದ್ದ ಹೊತ್ತಿನಲ್ಲಿ ಒಬ್ಬ ಮನುಷ್ಯ ಕನ್ನಡಿ ಕೇಳಿಕೊಂಡು ಬಂದ.

ನಾನು ಅಂಗಡಿಯ ಮುಂದೆ, ಅಂದರೆ ಅಂಗಡಿ ಇದ್ದ ಜಾಗದ ಮುಂದೆ, ಅಪ್ಪನ ದೊಡ್ಡ ಬೂಟು ಹಾಕಿಕೊಂಡು ಗಾಜಿನ ಚೂರು ಗುಡಿಸುತ್ತಿದ್ದೆ. ಭೂಕಂಪಕ್ಕೆ ಮೊದಲು ನಮ್ಮ ಅಂಗಡಿಯ ಗೋಡೆಯುದ್ದಕ್ಕೂ ಗಾಜಿನ ಹಾಳೆಗಳು ಒರಗಿ ನಿಂತಿರುತ್ತಿದ್ದವು. ಈಗ ಹಿಂದಿನ ಮೂಲೆಯಲ್ಲಿ ನಾಲ್ಕಾರು ಹಾಳೆ ಮಾತ್ರ, ಅದು ಹೇಗೋ ದೇವರಿಗೇ ಗೊತ್ತು, ಒಡೆಯದೆ ಉಳಿದಿದ್ದವು. ಅಮ್ಮ ಉಳಿದಿರಲಿಲ್ಲ. ಅಪ್ಪನ ಬಲಗೈ ತೊಲೆಯ ಕೆಳಗೆ ಸಿಕ್ಕಿ, ಇದ್ದೂ ಇಲ್ಲದಂತಾಗಿತ್ತು. ಹಾಗಾಗಿ ಅಂಗಡಿ ನನ್ನ ತಲೆಗೆ ಬಂದಿತ್ತು.

“ನಾಲ್ಕಡಿಗೆ ಎರಡಡಿ ಕನ್ನಡಿ ಬೇಕಿತ್ತು,” ಎಂದ.

ನಾನು ಪೊರಕೆ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದೆ. ಗ್ರೀಸು ಮೆತ್ತಿದ ನೀಲಿ ಅಂಗಿ, ಧೂಳು ಕೂತ ಹುಬ್ಬು, ಕೈಯಲ್ಲೊಂದು ಸ್ಪ್ಯಾನರು.

“ಮುಖ ನೋಡ್ಕೋಬೇಕಾ? ಜನ ಕುಡಿಯೋ ನೀರಿಗೆ ಕ್ಯೂ ನಿಂತಿದಾರೆ, ನಿಮಗೆ ಕನ್ನಡಿ!”

“ನನಗಲ್ಲ ರೀ. ಆಸ್ಪತ್ರೆ ಲಿಫ್ಟಿಗೆ.”

“ಲಿಫ್ಟು ಓಡಿದ್ರೆ ಸಾಲದಾ? ಅದಕ್ಕೆ ಅಲಂಕಾರ ಬೇರೆ ಆಗ್ಬೇಕಾ?”

ಅವನು ಸಿಟ್ಟಾಗಲಿಲ್ಲ. ಸ್ಪ್ಯಾನರಿನಿಂದಲೇ ತಲೆ ಕೆರೆದುಕೊಂಡ. “ಕನ್ನಡಿ ಇಲ್ದಿದ್ರೆ ಜನ ಬಾಗಿಲನ್ನೇ ನೋಡ್ತಾ ನಿಲ್ತಾರೆ. ಮೇಲೆ ಮಲಗಿರೋರು ಹೇಗಿದಾರೋ ಏನೋ ಅಂತ ಯೋಚನೆ ಮಾಡಿ ಮಾಡಿ, ಮೂರನೇ ಮಹಡಿ ಬರೋದ್ರೊಳಗೆ ಅಳೋಕೆ ಶುರು ಮಾಡ್ತಾರೆ. ಕನ್ನಡಿ ಇದ್ರೆ ತಲೆಗೂದಲು ಸರಿ ಮಾಡ್ಕೋತಾರೆ, ಕಣ್ಣು ಒರೆಸ್ಕೋತಾರೆ. ಮಲಗಿರೋರಿಗೆ ಸ್ವಲ್ಪ ಚೆನ್ನಾಗಿ ಕಾಣ್ತಾರೆ.”

ನನ್ನ ಬಾಯಿ ಕಟ್ಟಿತು. ನನ್ನ ಬಾಯಿ ಕಟ್ಟುವುದು ಅಪರೂಪ, ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಉಳಿದಿದ್ದ ಹಾಳೆಗಳಲ್ಲಿ ಒಂದು ಕನ್ನಡಿಯದಾಗಿತ್ತು. ಮುರಿದ ಬಾಗಿಲನ್ನೇ ಮೇಜು ಮಾಡಿ, ಕಂಬಳಿ ಹಾಸಿ ಅದನ್ನು ಮಲಗಿಸಿದೆ. ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿ ಒತ್ತಿ ಹಿಡಿದು, ಒಂದೇ ಉಸಿರಿಗೆ ಗೀರು ಎಳೆದೆ. ಅವನು ಬಗ್ಗಿ ನೋಡಿದ.

“ಗೆರೆ ಸರಿಯಾಗಿ ಕಾಣ್ತಾನೇ ಇಲ್ವಲ್ಲ. ಇನ್ನೊಂದು ಸಲ ಎಳೀರಿ.”

“ಅದೇ ಗೀರಿನ ಮೇಲೆ ಎರಡನೇ ಸಲ ಎಳೆಯಲ್ಲ. ಎಳೆದ್ರೆ ಎಲ್ಲೆಲ್ಲೋ ಒಡಿಯತ್ತೆ. ನಿಮ್ಮ ಲಿಫ್ಟಿಗೆ ನಾನು ಬುದ್ಧಿ ಹೇಳೋಕೆ ಬಂದಿದೀನಾ?”

ಬಾಗಿಲಿನ ಅಂಚಿಗಿಟ್ಟು ಒತ್ತಿದೆ. ಟಕ್ ಎಂದು ಎರಡಾಯಿತು. ಅವನು ನಕ್ಕ. ಆ ದಿನಗಳಲ್ಲಿ ಯಾರೂ ನಗುತ್ತಿರಲಿಲ್ಲ. ನಗು ನೋಡಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಇನ್ನೊಂದು ಸಲ ನಗಲಿ ಎನ್ನಿಸಿತು.

“ನಾನು ನಿಮ್ಮ ಬೀದಿಯವನೇ,” ಎಂದ. “ಕೊನೇ ಮನೆ.”

“ಗೊತ್ತು. ಬೈಕಲ್ಲಿ ಹೋಗುವಾಗ ನಮ್ಮ ಅಂಗಡಿ ಮುಂದಿನ ಕನ್ನಡೀಲಿ ಕ್ರಾಪು ನೋಡ್ಕೊಂಡು ಹೋಗೋರು ತಾನೇ?”

“ಕ್ರಾಪು ನೋಡ್ತಿರ್ಲಿಲ್ಲ.”

“ಮತ್ತೆ?”

“ಆ ಕನ್ನಡೀಲಿ ಅಂಗಡಿ ಒಳಗಿರೋರು ಕಾಣ್ತಿದ್ರು.”

ಹಾಗೆಂದವನೇ ಕನ್ನಡಿಯನ್ನು ಬೆನ್ನಿಗೇರಿಸಿ ಹಗ್ಗ ಬಿಗಿದುಕೊಂಡು ನಡೆದುಬಿಟ್ಟ. ಬಿದ್ದ ಬೀದಿಯೆಲ್ಲ ಅವನ ಬೆನ್ನ ಮೇಲೆ ಅಲುಗುತ್ತ ಹೋಯಿತು, ನಡುವೆ ಪೊರಕೆ ಹಿಡಿದು ನಿಂತ ನಾನು. ತಿರುವು ಬರುವವರೆಗೂ ನನ್ನನ್ನೇ ನಾನು ನೋಡುತ್ತ ನಿಂತಿದ್ದೆ. ನನ್ನ ಮುಖ ಕೆಂಪಾಗಿತ್ತು, ಅದಂತೂ ಅಷ್ಟು ದೂರಕ್ಕೂ ಕಾಣುತ್ತಿತ್ತು.

ಆಮೇಲೆ ಅವನಿಗೆ ಗಾಜಿನ ಕೆಲಸ ಮೇಲಿಂದ ಮೇಲೆ ಬಂತು. ಲಿಫ್ಟಿನ ಬಟನ್ನಿನ ಮೇಲಿನ ಗಾಜು ಅಂತ ಒಂದು ದಿನ, ಟಾರ್ಚಿನ ಗಾಜು ಅಂತ ಇನ್ನೊಂದು ದಿನ. ಕೊನೆಗೆ ಅವನಮ್ಮನ ಕನ್ನಡಕ ಹಿಡಿದುಕೊಂಡು ಬಂದ.

“ಇದು ಕನ್ನಡಕದ ಅಂಗಡಿ ಅಲ್ಲ, ಮೆಕ್ಯಾನಿಕ್ ಸಾಹೇಬ್ರೆ.”

“ಗಾಜು ತಾನೇ?”

“ನಿಮ್ಮ ತಲೇಲಿರೋದೂ ಗಾಜೇ ಇರ್ಬೇಕು. ಆಚೆ ಕಡೆಯದೆಲ್ಲ ಕಾಣತ್ತೆ.”

“ಹಾಗಾದ್ರೆ ನಾನು ಯಾಕೆ ಬರ್ತೀನಿ ಅಂತ ಕಾಣ್ತಿದೆ ಅನ್ನಿ, ಗಾಜಿನಂಗಡಿಯವರೇ.”

ಕಾಣುತ್ತಿತ್ತು. ನಾನೇನು ಕುರುಡಿಯೇ?

ಆಗ ನಾವೆಲ್ಲ ಬೀದಿಯ ಕೊನೆಯ ಆಟದ ಮೈದಾನದಲ್ಲಿ ತಗಡಿನ ಶೆಡ್ಡುಗಳಲ್ಲಿದ್ದೆವು. ಅವನಮ್ಮ ಮಾತ್ರ ಶೆಡ್ಡಿನೊಳಗೂ ಮಲಗುತ್ತಿರಲಿಲ್ಲ. ಮನೆ ಬಿದ್ದಾಗ ಅವರು ಒಂದು ಹಗಲು ಒಂದು ರಾತ್ರಿ ಗೋಡೆಯ ಅಡಿಯಲ್ಲಿದ್ದವರು. ಬಯಲಲ್ಲಿ ಚಾಪೆ ಹಾಸಿ, ಕಾಲಿಗೆ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದರು. ಲಾರಿ ಹೋದರೆ ಎದ್ದು ಕೂರುತ್ತಿದ್ದರು. ನನ್ನನ್ನು ಕಂಡರೆ ಮಾತ್ರ “ಬಾರೇ ಮಗಳೇ” ಎಂದು ಚಾಪೆಯಲ್ಲಿ ಜಾಗ ಬಿಟ್ಟು, ತಲೆ ಬಾಚಿ ಕೊಡುತ್ತಿದ್ದರು. ಅಮ್ಮ ಹೋದಮೇಲೆ ನನ್ನ ತಲೆಗೆ ಬೇರೆ ಕೈ ಬಿದ್ದದ್ದು ಅದೇ ಮೊದಲು. ಅವನನ್ನು ಪ್ರೀತಿಸುವುದಕ್ಕೆ ಮುಂಚೆಯೇ ಅವರನ್ನು ಪ್ರೀತಿಸಿಬಿಟ್ಟಿದ್ದೆ.

ಅವನು ಕೇಳಿದ್ದು ನೀರಿನ ಕ್ಯೂನಲ್ಲಿ. ಎರಡು ಕೊಡ ಹಿಡಿದು ಹಿಂದೆ ನಿಂತಿದ್ದವನು, “ಮುಂದೆ ಒಂದೇ ಕ್ಯೂನಲ್ಲಿ ನಿಲ್ಲೋಣ್ವಾ?” ಎಂದ.

“ಈಗೇನು ಬೇರೆ ಕ್ಯೂನಲ್ಲಿದೀವಾ?”

“ಈಗ ಎರಡು ಮನೆಗೆ ನೀರು. ನಾನು ಹೇಳ್ತಿರೋದು ಒಂದು ಮನೆಗೆ.”

ನಾನು ತಿರುಗಿ ನೋಡಲಿಲ್ಲ. ಕೊಡ ತುಂಬಿ ನೀರು ಕಾಲ ಮೇಲೆ ಚೆಲ್ಲುತ್ತಿತ್ತು. ಹಿಂದಿನವರು “ಏನಮ್ಮಾ, ನಲ್ಲಿ ನಿಲ್ಸೇ!” ಎಂದು ಕಿರುಚುವವರೆಗೂ ನನಗೆ ಅದು ಗೊತ್ತಾಗಲೇ ಇಲ್ಲ.

ಅಪ್ಪನನ್ನು ಬಿಟ್ಟು ನಾನು ಬರುವ ಹಾಗಿರಲಿಲ್ಲ, ಅವನೂ ಅಮ್ಮನನ್ನು ಬಿಡುವ ಹಾಗಿರಲಿಲ್ಲ. ನಾಲ್ವರೂ ಒಟ್ಟಿಗೆ ಇರುವುದು ಎಂದಾಯಿತು. ಮುಂದಿನ ತಿಂಗಳು ಮದುವೆ. ಸದ್ದುಗದ್ದಲ ಬೇಡ, ಬೀದಿಯವರು ಬಂದರೆ ಸಾಕು.

ಅಷ್ಟರಲ್ಲಿ ಸರ್ಕಾರದ ಆಫೀಸರಮ್ಮ ಬಂದರು.

ಹೊಳೆಯಾಚೆಯ ಬಯಲಿನಲ್ಲಿ ಹೊಸ ಊರು ಏಳುತ್ತಿದೆ, ಬಂದವರಿಗೆಲ್ಲ ಫ್ಲಾಟು. ಇಲ್ಲ, ಇಲ್ಲೇ ಇರುತ್ತೇವೆ ಎನ್ನುವ ಬೀದಿಗೆ ಪೈಪು, ಕರೆಂಟು ಎಲ್ಲ ಮತ್ತೆ ಹಾಕಿಕೊಟ್ಟು ಮನೆ ಕಟ್ಟಿಸುತ್ತಾರೆ. ಆದರೆ ಬೀದಿಯಲ್ಲಿ ನಲವತ್ತು ಸಂಸಾರವಾದರೂ ನಿಲ್ಲಬೇಕು. ಒಂದು ಕಮ್ಮಿಯಾದರೂ ಬೀದಿಯನ್ನೇ ಮುಚ್ಚಿ ಎಲ್ಲರನ್ನೂ ಆಚೆಗೆ ಕಳಿಸುವುದು. ಸಂಸಾರ ಅಂದರೆ ಯಾವುದು ಎಂದು ಯಾರೋ ಕೇಳಿದರು. ಒಲೆ, ಎಂದರು ಆಫೀಸರಮ್ಮ. ಯಾರ ಒಲೆ ಬೇರೆಯೋ ಅವರ ಸಂಸಾರ ಬೇರೆ, ಒಲೆಗೊಂದು ಕೈ. ಎಣಿಸುವ ದಿನ ಎಲ್ಲರೂ ತಮ್ಮ ತಮ್ಮ ಮನೆಯಿದ್ದ ಜಾಗದಲ್ಲಿ ನಿಂತು ಕೈ ಎತ್ತಬೇಕು.

ಮೈದಾನದಲ್ಲಿ ಆವತ್ತಿನಿಂದ ಬೇರೆ ಮಾತೇ ಇಲ್ಲ. ಈ ನೆಲದ ಕೆಳಗೇ ಬಿರುಕಿದೆಯಂತೆ, ಇವತ್ತಲ್ಲ ನಾಳೆ ಮತ್ತೆ ಬರುತ್ತದಂತೆ ಎಂದು ಕೆಲವರು. ಬರುವುದಿದ್ದರೆ ಹೊಳೆಯಾಚೆ ಬರಬಾರದೆಂದು ಭೂಮಿಗೆ ಯಾರು ಹೇಳಿದ್ದಾರೆ ಎಂದು ಇನ್ನು ಕೆಲವರು. ಎರಡೂ ಕಡೆಯವರ ಮಾತು ಸರಿ ಎನ್ನಿಸುತ್ತಿತ್ತು, ಅದೇ ಕಷ್ಟ.

ಬೀದಿಯನ್ನು ಉಳಿಸುವ ಪಣ ತೊಟ್ಟವರು ಹೆಡ್ ಮೇಡಂ. ಶಾಲೆಯ ಹೆಡ್ ಆಗಿ ರಿಟೈರ್ ಆದವರು, ಬೀದಿಯ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರು. ಅವರು ಶೆಡ್ಡಿನಿಂದ ಶೆಡ್ಡಿಗೆ ತಿರುಗಿ ಒಲೆ ಎಣಿಸಿದರು. ಸಾಲಲಿಲ್ಲ. ಅಣ್ಣತಮ್ಮಂದಿರಿಗೆ ಒಲೆ ಬೇರೆ ಮಾಡಿ ಎಂದರು. ಅತ್ತೆ ಸೊಸೆಗೆ ಬೇರೆ ಮಾಡಿ ಎಂದರು. ಜನ ನಗುನಗುತ್ತ ಎರಡೆರಡು ಒಲೆ ಹೂಡಿದರು. ಆಫೀಸಿನವರು ನೋಡಲು ಬಂದಾಗ ಎರಡರಲ್ಲೂ ಹೊಗೆ, ಹೋದಮೇಲೆ ಒಂದೇ ಪಾತ್ರೆಯಲ್ಲಿ ಊಟ. ಬಡಗಿ ಅಣ್ಣತಮ್ಮಂದಿರಿದ್ದರು, ಹುಟ್ಟಿದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಅವರೂ ನಾಟಕಕ್ಕೆಂದು ಬೇರೆ ಒಲೆ ಇಟ್ಟರು. ಸ್ವಲ್ಪ ದಿನಕ್ಕೆ ಸೌದೆ ಯಾರದು ಎಂದು ಜಗಳ ಬಂತು, ಮಾತು ಬಿಟ್ಟರು. ಅವರ ಮನೆಯ ನಾಟಕ ಅಲ್ಲಿಗೆ ನಿಜವಾಯಿತು.

ಒಂದು ಸಂಜೆ ಮೇಡಂ ನಮ್ಮ ಶೆಡ್ಡಿಗೆ ಬಂದು ಬಕೆಟ್ ಬೋರಲು ಹಾಕಿ ಕೂತರು. ಅವನೂ ಅಲ್ಲಿದ್ದ.

“ನೋಡೇ, ಹೇಗೆ ಎಣಿಸಿದ್ರೂ ಸರಿಯಾಗಿ ನಲವತ್ತೇ ಆಗ್ತಿದೆ. ನಲವತ್ತೊಂದಾಗ್ತಿಲ್ಲ. ನಿಮ್ಮದು ಮದುವೆಯಾದ್ರೆ ನಾಲ್ಕು ಜನಕ್ಕೂ ಒಂದೇ ಒಲೆ. ಒಂದು ಕೈ ಹೋಗತ್ತೆ.”

“ಮದುವೆಯಾಗಿ ಒಲೆ ಬೇರೆ ಇಟ್ಕೋತೀವಿ ಮೇಡಂ,” ಎಂದ ಅವನು.

“ಹೊಸ ಗಂಡ ಹೆಂಡತಿಗೆ ಎರಡು ಒಲೆ ಅಂದ್ರೆ ಆ ಆಫೀಸರಮ್ಮ ನಗ್ತಾಳೆ ಕಣೋ. ಸ್ವಲ್ಪ ಮುಂದಕ್ಕೆ ಹಾಕಿ. ಎಣಿಸೋ ದಿನ ಮುಗೀಲಿ, ಮಾರನೇ ದಿನ ನಾನೇ ನಿಂತು ಮಾಡಿಸ್ತೀನಿ. ಬೀದಿಗೋಸ್ಕರ.”

ಅವನು ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬೀದಿಯ ಕಡೆ ನೋಡುತ್ತಿದ್ದರು. ಅಮ್ಮ ಹೋದದ್ದು ಅಲ್ಲಿ, ಅಪ್ಪ ಆ ಕಡೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಾವಿಬ್ಬರೂ ತಲೆಯಾಡಿಸಿದೆವು.

ಮೇಡಂ ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಅವನು ನಮ್ಮಲ್ಲಿ ಉಣ್ಣುವ ಹಾಗಿಲ್ಲ, ನಾನು ಅವರಲ್ಲಿ ಒಂದು ಲೋಟ ನೀರು ಕುಡಿಯುವ ಹಾಗಿಲ್ಲ, ಯಾರಾದರೂ ನೋಡಿ ಆಫೀಸಿನವರಿಗೆ ಹೇಳಿದರೆ? ಹಾಗಾಗಿ ಸಂಜೆ ಅವನು ತನ್ನ ಒಲೆಯಲ್ಲಿ ಮಾಡಿದ ಟೀ ಹಿಡಿದು ಬೀದಿಗೆ ಬರುತ್ತಿದ್ದ, ನಾನು ನನ್ನ ಒಲೆಯದು ಹಿಡಿದು ಹೋಗುತ್ತಿದ್ದೆ. ನಡುವೆ ಪೈಪಿಗೆಂದು ತೋಡಿದ ಕಾಲುವೆ. ಆ ದಡದಲ್ಲಿ ಅವನು, ಈ ದಡದಲ್ಲಿ ನಾನು.

“ಏನು ವಿಶೇಷ?”

“ಏನಿಲ್ಲ. ನಮ್ಮ ಸಂಸಾರದಲ್ಲಿ ಎಲ್ಲ ಸೌಖ್ಯ. ನಿಮ್ಮ ಸಂಸಾರದಲ್ಲಿ?”

ಯಾರೂ ಇಲ್ಲದಾಗ ಕೈ ಚಾಚಿ ಲೋಟ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಅವನ ಟೀಯಲ್ಲಿ ಸಕ್ಕರೆ ಸುರಿದಿರುತ್ತಿದ್ದ, ನಮ್ಮ ಮನೆಯಲ್ಲಿ ಸಕ್ಕರೆ ಮುಟ್ಟುತ್ತಿರಲಿಲ್ಲ. ಅವನು ನನ್ನ ಟೀ ಕುಡಿದು ಮುಖ ಕಿವುಚುತ್ತಿದ್ದ. ನಾನು ಅವನ ಲೋಟದಲ್ಲಿ ಅವನ ತುಟಿ ತಾಗಿದ ಕಡೆ ಹುಡುಕಿ, ಅಲ್ಲಿಂದಲೇ ಕುಡಿಯುತ್ತಿದ್ದೆ. ಅವನು ಅದನ್ನು ನೋಡುತ್ತಿದ್ದ. ನೋಡುತ್ತಿದ್ದಾನೆ ಎಂದು ಗೊತ್ತಿದ್ದೇ ನಾನು ನಿಧಾನ ಮಾಡುತ್ತಿದ್ದೆ.

“ಏಯ್, ಲೋಟ ಬದಲಾಯಿಸ್ಬೇಡ್ರೋ!” ಎಲ್ಲಿಂದಲೋ ಹೆಡ್ ಮೇಡಂ ದನಿ ಬರುತ್ತಿತ್ತು. ನಾವು ಶಾಲೆಯ ಮಕ್ಕಳ ಹಾಗೆ ಓಡುತ್ತಿದ್ದೆವು.

ಎಣಿಸುವ ದಿನ ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಆಫೀಸರಮ್ಮನಿಗೆ ರಜೆ, ಆಮೇಲೆ ಮಳೆ, ಆಮೇಲೆ ಮೇಲಿನಿಂದ ಆರ್ಡರ್ ಬಂದಿಲ್ಲ. ಮದುವೆಯೂ ಅದರ ಹಿಂದೆ ಹಿಂದೆ ಹೋಯಿತು. ಅಷ್ಟರಲ್ಲಿ ಅವನಿಗೆ ಹೊಳೆಯಾಚೆ ಕೆಲಸ ಸಿಕ್ಕಿತು, ಹೊಸ ಕಟ್ಟಡಗಳಿಗೆ ಲಿಫ್ಟು ಕೂರಿಸುವುದು. ವಾರಕ್ಕೊಮ್ಮೆ ಬರುತ್ತಿದ್ದ. ಬಂದಾಗ ಅವನ ಕಣ್ಣಲ್ಲಿ ಬೇರೆ ಏನೋ ಇರುತ್ತಿತ್ತು.

“ಅಡಿಪಾಯದ ಕೆಳಗೆ ರಬ್ಬರ್ ಕೂರಿಸಿದಾರೆ ಕಣೇ. ನೆಲ ಅಲುಗಿದ್ರೂ ಮನೆ ತೂಗತ್ತೆ ಅಷ್ಟೇ, ಬೀಳಲ್ಲ.”

“ತೊಟ್ಟಿಲಾ? ತೂಗ್ತಾ ಮಲಗೋಕೆ?”

“ಅಮ್ಮ ಪ್ರತಿ ಸಲ ಒಂದೇ ಮಾತು ಕೇಳ್ತಾರೆ. ಅಲ್ಲಿ ಮನೆ ಅಲ್ಲಾಡುತ್ತಾ? ಅಷ್ಟೇ. ಬೇರೆ ಏನೂ ಕೇಳಲ್ಲ.”

“ನಮ್ಮ ಬೀದೀಲಿ ಲಿಫ್ಟಿಲ್ಲ, ನಿನಗೆ ಕೆಲಸ ಇಲ್ಲ. ಅದನ್ನ ಹೇಳು. ಅಮ್ಮನ್ನ ಯಾಕೆ ಅಡ್ಡ ತರ್ತೀಯ?”

ಅವನ ಮುಖ ಸಣ್ಣಗಾಯಿತು. “ಅವರು ಈಗ್ಲೂ ಚಪ್ಪಲಿ ಹಾಕ್ಕೊಂಡು ಮಲಗ್ತಾರೆ.”

“ನಿನ್ನಮ್ಮ ಬದುಕಿದಾರೆ. ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ಬಹುದು. ನನ್ನಮ್ಮ ಇಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ.”

ಆವತ್ತು ಲೋಟ ಬದಲಾಗಲಿಲ್ಲ.

ಕೊನೆಗೂ ದಿನ ಗೊತ್ತಾಯಿತು. ಹಿಂದಿನ ಸಂಜೆ ಅವನು ಕಾಲುವೆ ದಾಟಿ ಈಚೆ ಬಂದ, ಯಾರು ನೋಡಿದರೂ ನೋಡಲಿ ಎಂಬಂತೆ. ನಮ್ಮ ಅಂಗಡಿಯ ಮೆಟ್ಟಿಲಿನ ಮೇಲೆ ಪಕ್ಕದಲ್ಲಿ ಕೂತ. ಅಂಗಡಿ ಹೋಗಿದ್ದರೂ ಮೆಟ್ಟಿಲು ಇತ್ತು.

“ನಾಳೆ ಕೈ ಎತ್ತುತ್ತೀಯಾ?”

“ಎತ್ತುತ್ತೀನಿ.”

“ಆಣೆ?”

“ಲಿಫ್ಟಾಣೆ.”

ನಗು ತಡೆಯಲಾಗಲಿಲ್ಲ. ಅವನು ನನ್ನ ಕೈ ತೆಗೆದುಕೊಂಡು, ಗಾಜು ಕೊಯ್ದ ಹಳೆಯ ಗಾಯಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಹೆಬ್ಬೆರಳಿನ ಬುಡದ ದೊಡ್ಡ ಗಾಯ ಬಂದಾಗ ಬಗ್ಗಿ ಅದಕ್ಕೆ ತುಟಿಯೊತ್ತಿದ.

“ನಾಡಿದ್ದು ಮದುವೆ,” ಎಂದ. “ಒಂದೇ ಒಲೆ. ಸಕ್ಕರೆ ಮಾತ್ರ ನಾನು ಹೇಳಿದಷ್ಟು.”

“ಅದನ್ನ ನಾಡಿದ್ದು ನೋಡೋಣ.”

ಆ ಸಂಜೆಯಷ್ಟು ಸುಖ ನನಗೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತರು. ಗೋಡೆಯಿಲ್ಲದ ಬೀದಿಯಲ್ಲಿ ಜನ ಮಾತ್ರ ಎರಡು ಸಾಲಾಗಿ ನಿಂತಿದ್ದರು. ನೋಡಿದರೆ ಬೀದಿ ಮತ್ತೆ ಎದ್ದಿದೆ ಅನ್ನಿಸುತ್ತಿತ್ತು. ಆಫೀಸರಮ್ಮ ಬೀದಿಯ ಮೊದಲ ಮನೆಯಿಂದ ಎಣಿಸುತ್ತ ಬಂದರು. ಹೆಡ್ ಮೇಡಂ ಪಕ್ಕದಲ್ಲೇ ತಾವೂ ತುಟಿಯಲ್ಲಿ ಎಣಿಸುತ್ತ ಬಂದರು. ಬಡಗಿ ಅಣ್ಣ ಎತ್ತಿದ, ತಮ್ಮ ಅವನ ಮುಖ ನೋಡದೆ ಎತ್ತಿದ. ನಮ್ಮ ಹತ್ತಿರ ಬಂದಾಗ ಅಪ್ಪ ಎಡಗೈ ಎತ್ತಿದರು. ಅಷ್ಟು ನೇರವಾಗಿ ಅವರು ನಿಂತದ್ದನ್ನು ನಾನು ಅಮ್ಮ ಹೋದಮೇಲೆ ನೋಡಿರಲಿಲ್ಲ.

ಎಣಿಕೆ ಬೀದಿಯ ಕೊನೆಗೆ ಹೋಯಿತು.

“ಮೂವತ್ತೊಂಬತ್ತು,” ಎಂದರು ಆಫೀಸರಮ್ಮ. “ಕೊನೇ ಮನೆ?”

ಅವನು ನಿಂತಿದ್ದ. ಪಕ್ಕದಲ್ಲಿ ಅವನಮ್ಮ. ಅಷ್ಟು ದೂರಕ್ಕೆ ಅವನ ನೀಲಿ ಅಂಗಿ ಕಾಣುತ್ತಿತ್ತು. ಕೈ ಕೆಳಗಿತ್ತು.

“ಕೊನೇ ಮನೆಯವರು?”

ಅವನು ತಲೆಯೆತ್ತಿ ಬೀದಿಯುದ್ದಕ್ಕೂ ನೋಡಿ ನನ್ನನ್ನು ಹುಡುಕಿದ. ನಾನು ಸಿಕ್ಕಿದೆ. ಎತ್ತು, ಎಂದು ನನ್ನ ತುಟಿ ಅಲುಗಿತು. ಅವನು ಕಣ್ಣು ನೆಲಕ್ಕೆ ಹಾಕಿದ.

“ಮೂವತ್ತೊಂಬತ್ತು. ಆಗಲಿಲ್ಲ,” ಎಂದರು ಆಫೀಸರಮ್ಮ. ಅಷ್ಟೇ, ಒಂದೇ ಮಾತು.

ಹೆಡ್ ಮೇಡಂ ರಸ್ತೆಯಲ್ಲೇ ಕೂತುಬಿಟ್ಟರು. “ಸುಮ್ಮನೆ ಒಲೆ ಒಡೆದ್ವಲ್ಲೋ,” ಎಂದು ಬಡಗಿ ಅಣ್ಣ ತಮ್ಮನ ಕಡೆ ತಿರುಗಿದ. ತಮ್ಮ ಹೋಗಿಬಿಟ್ಟಿದ್ದ. ಅಪ್ಪ ಮಾತ್ರ ಎಡಗೈಯನ್ನು ಇನ್ನೂ ಎತ್ತಿಯೇ ಇದ್ದರು. ನಾನೇ ಹೋಗಿ ಅದನ್ನು ಕೆಳಗಿಳಿಸಿದೆ.

ಮಧ್ಯಾಹ್ನ ಅವನು ಬಂದ. ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ. ಬೀದಿಯವರೆಲ್ಲ ಕೇಳುವ ಹಾಗೆ, ನನ್ನಮ್ಮನನ್ನು ನೀನು ಇನ್ನೊಂದು ಸಲ ಕೊಂದೆ ಎಂದೆ. ಅವನು ಬಿಳಿಚಿಕೊಂಡ. ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನಮ್ಮ ಮನೆಯ ಕಲ್ಲನ್ನು ಬುಲ್ಡೋಜರು ತಳ್ಳುವಾಗ ನಿಂತು ನೋಡಿದವಳು ನಾನು.

ಈಗ ನಾವು ಹೊಸ ಊರಿನಲ್ಲಿದ್ದೇವೆ. ಏಳನೇ ಮಹಡಿ. ಬೀದಿಯವರನ್ನೆಲ್ಲ ಚೀಟಿ ಎತ್ತಿ ಬೇರೆ ಬೇರೆ ಬ್ಲಾಕಿಗೆ ಹಾಕಿದ್ದಾರೆ. ಹೆಡ್ ಮೇಡಂ ಅಂಗಡಿ ಸಾಲಿನಲ್ಲಿ ಸಿಕ್ಕರೆ ನನ್ನ ಕೈ ಹಿಡಿದು, ಆ ಬ್ಲಾಕಿನಲ್ಲಿ ನಮ್ಮವರು ಇಷ್ಟು, ಈ ಬ್ಲಾಕಿನಲ್ಲಿ ಇಷ್ಟು ಎಂದು ಲೆಕ್ಕ ಒಪ್ಪಿಸುತ್ತಾರೆ. ಕಿಟಕಿಗಳು ಫ್ಯಾಕ್ಟರಿಯಿಂದಲೇ ಗಾಜು ಕೂರಿಸಿಕೊಂಡು ಬಂದಿವೆ, ಹಾಗಾಗಿ ನನಗೆ ಕಿಟಕಿಯ ಕೆಲಸವಿಲ್ಲ. ಕೆಳಗೊಂದು ಗೂಡಂಗಡಿಯಲ್ಲಿ ಫೋಟೋಗೆ ಕಟ್ಟು ಹಾಕುತ್ತೇನೆ. ಜನ ಹಳೆಯ ಬೀದಿಯ ಫೋಟೋ ತರುತ್ತಾರೆ.

ಮನೆ ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಗೋಡೆಯಲ್ಲಿ ಒಂದು ಕೂದಲಿನಷ್ಟು ಬಿರುಕಿಲ್ಲ. ಬಂದಮೇಲೆ ಒಂದು ಸಲವೂ ನೆಲ ಅಲುಗಿಲ್ಲ, ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಅಲ್ಲಿ ಒಂದು ಸಲ ಅಲುಗಿದ್ದರೆ ಅವನನ್ನು ಕ್ಷಮಿಸಬಹುದಿತ್ತು.

ನಮ್ಮ ಬ್ಲಾಕಿನ ಲಿಫ್ಟು ನೋಡಿಕೊಳ್ಳುವವನು ಅವನೇ. ಅವನ ಟೂಲ್ ಬ್ಯಾಗು ಬಾಗಿಲಲ್ಲಿ ಕಂಡರೆ ನಾನು ಮೆಟ್ಟಿಲು ಹತ್ತುತ್ತೇನೆ. ಮಂಡಿ ನನಗೆ ಬಾಯಿಗೆ ಬಂದಂತೆ ಬೈಯುತ್ತದೆ.

ಮೊನ್ನೆ ಯಾರೋ ಬೀರು ಸಾಗಿಸುವಾಗ ಲಿಫ್ಟಿನ ಕನ್ನಡಿ ಒಡೆದರು. ಹೊಸದು ಕೊಯ್ದು ಕೊಡಲು ಬ್ಲಾಕಿನವರು ನನಗೇ ಹೇಳಿದರು. ಇಡೀ ಊರಿಗೆ ಗಾಜಿನವಳು ನಾನೊಬ್ಬಳೇ, ಇಲ್ಲ ಎನ್ನುವುದು ಹೇಗೆ? ಕೊಯ್ದೆ. ಕಂಬಳಿ ಸುತ್ತಿ ಹೊತ್ತುಕೊಂಡು ಹೋದೆ. ಅವನು ಲಿಫ್ಟನ್ನು ಕೆಳಗೆ ನಿಲ್ಲಿಸಿ, ಬಾಗಿಲಿಗೆ ಮರದ ತುಂಡು ಕೊಟ್ಟು, ಒಳಗೆ ಕಾಯುತ್ತಿದ್ದ.

“ಅಳತೆ ಸರಿಯಾಗಿದೆಯಾ?” ಎಂದ.

“ನನ್ನ ಅಳತೆ ಯಾವಾಗ ತಪ್ಪಿದೆ?”

ಕನ್ನಡಿ ಒಬ್ಬರೇ ಕೂರಿಸುವಂಥದ್ದಲ್ಲ. ಆ ಬದಿ ಅವನು, ಈ ಬದಿ ನಾನು ಹಿಡಿದೆವು. ಅಂಟು ಹಿಡಿಯುವವರೆಗೆ ಒತ್ತಿಕೊಂಡು ನಿಲ್ಲಬೇಕು. ನಾನು ಅವನ ಮುಖ ನೋಡಬಾರದು ಅಂದುಕೊಂಡಿದ್ದೆ. ಆದರೆ ಎದುರಿಗೆ ಕನ್ನಡಿ, ಎಲ್ಲಿ ನೋಡಿದರೂ ಅವನೇ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅದನ್ನು ಮುಟ್ಟಬೇಕು ಅನ್ನಿಸಿತು. ಎರಡೂ ಕೈ ಕನ್ನಡಿಯ ಮೇಲಿದ್ದದ್ದು ಒಳ್ಳೆಯದಾಯಿತು.

“ಅಮ್ಮ ಹೇಗಿದಾರೆ?”

“ಚೆನ್ನಾಗಿದಾರೆ. ಚಪ್ಪಲಿ ಬಿಚ್ಚಿ ಮಲಗ್ತಾರೆ ಈಗ.”

ನನಗೆ 'ಸದ್ಯ' ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನನ್ನ ಮೇಲೇ ಕೋಪ ಬಂತು.

“ಆವತ್ತು ಸಂಜೆ ನಾನು ಹೇಳಿದ್ದು ಸುಳ್ಳಲ್ಲ,” ಎಂದ ಕನ್ನಡಿಯೊಳಗಿನವನು. “ಬೆಳಿಗ್ಗೆ ಎದ್ದಾಗ್ಲೂ ಎತ್ತೋಣ ಅಂತಾನೇ ಇದ್ದೆ. ಅಮ್ಮ ಬಂದು ಪಕ್ಕದಲ್ಲಿ ನಿಂತ್ರು. ಎತ್ತಬೇಡ ಅಂತ ಹೇಳ್ಲಿಲ್ಲ. ಏನೂ ಹೇಳ್ಲಿಲ್ಲ. ನನ್ನ ಬಲಗೈ ಅಂಗಿ ತೋಳಿನ ತುದಿ ಹಿಡ್ಕೊಂಡು ನಿಂತಿದ್ರು, ಎರಡು ಬೆರಳಲ್ಲಿ. ಗೋಡೆ ಕೆಳಗಿಂದ ತೆಗೆದಾಗಲೂ ಹಾಗೇ ಹಿಡ್ಕೊಂಡಿದ್ರು. ಆ ಕೈ ಹೇಗೆ ಎತ್ತಲಿ, ಹೇಳು?”

ಇದು ನನಗೆ ಗೊತ್ತಿರಲಿಲ್ಲ. ಅಷ್ಟು ದೂರಕ್ಕೆ ಕಂಡಿರಲಿಲ್ಲ. ಚಾಪೆಯ ಮೇಲೆ ಕೂರಿಸಿಕೊಂಡು ನನ್ನ ತಲೆ ಬಾಚಿದ ಆ ಬೆರಳುಗಳು ನನಗೆ ಚೆನ್ನಾಗಿ ಗೊತ್ತಿದ್ದವು. ಆಗಲಿ, ಇಷ್ಟೇ ತಾನೇ, ಮುಗಿಯಿತು ಅನ್ನೋಣ ಎಂದು ಬಾಯಿ ತೆರೆದೆ. ಅಪ್ಪನ ನೆನಪಾಯಿತು.

“ಎಡಗೈ ಇತ್ತಲ್ಲ?” ಎಂದೆ.

ಅವನು ಕನ್ನಡಿ ಬಿಟ್ಟು ನನ್ನ ಕಡೆ ತಿರುಗಿದ.

“ನಮ್ಮಪ್ಪ ಎಡಗೈನೇ ಎತ್ತಿದ್ರು.”

ಕನ್ನಡಿಯಲ್ಲಿ ಅವನು ತನ್ನ ಎಡಗೈಯನ್ನು ನೋಡಿಕೊಂಡ. ಅಂಟು ಹಿಡಿದು ಎಷ್ಟೋ ಹೊತ್ತಾಗಿತ್ತು. ಇಬ್ಬರೂ ಒತ್ತಿಕೊಂಡೇ ನಿಂತಿದ್ದೆವು.

ಆಮೇಲೆ ಅವನು ಮರದ ತುಂಡು ತೆಗೆದು, “ಒಂದು ಸಲ ಓಡಿಸಿ ನೋಡ್ಬೇಕು, ಬಾ, ಬಿಡ್ತೀನಿ,” ಎಂದ. ನಾನು ಮೆಟ್ಟಿಲಿನ ಕಡೆ ಹೋಗಲಿಲ್ಲ. ಏಳು ಮಹಡಿಯುದ್ದಕ್ಕೂ ಇಬ್ಬರೂ ಕನ್ನಡಿ ನೋಡುತ್ತ ನಿಂತೆವು. ಅವನು ಮೊದಲ ದಿನ ಹೇಳಿದ್ದು ನಿಜ. ನಾನು ತಲೆಗೂದಲು ಸರಿ ಮಾಡಿಕೊಂಡೆ, ಕಣ್ಣು ಒರೆಸಿಕೊಂಡೆ.

ಏಳನೆಯದರಲ್ಲಿ ಬಾಗಿಲು ತೆರೆಯಿತು. ನಾನು ಇಳಿದೆ. ಅವನು ಬಾಗಿಲು ಮುಚ್ಚದ ಹಾಗೆ ಕಾಲು ಅಡ್ಡ ಇಟ್ಟ.

“ಗಾಜಿನಂಗಡಿ,” ಎಂದ. ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. “ಈಗ ಯಾರೂ ಒಲೆ ಎಣಿಸಲ್ಲ.”

ಹೂಂ ಅನ್ನಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಅವನನ್ನು ಬಿಟ್ಟು ಇನ್ನೊಬ್ಬನನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಬಾಗಿಲು ಅವನ ಕಾಲಿಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು.

“ನಾನು ಎಣಿಸ್ತೀನಿ,” ಎಂದೆ.

ಅವನು ಕಾಲು ತೆಗೆದ. ಬಾಗಿಲು ಮುಚ್ಚಿತು. ಲಿಫ್ಟು ಇಳಿಯುವ ಸದ್ದು ನಿಲ್ಲುವವರೆಗೆ ನಾನು ಅಲ್ಲೇ ಇದ್ದೆ.

ಒಳಗೆ ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. “ಕನ್ನಡಿ ಕೂತಿತಾ?” ಎಂದರು.

“ಕೂತಿತು ಅಪ್ಪ.”

“ಯಾರು ಹಿಡಿದ್ರು ಆ ಕಡೆ?”

ನಾನು ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿ ಟೀ ಇಟ್ಟೆ. ಎರಡು ಲೋಟಕ್ಕೆ ಸೋಸಿ, ಅಪ್ಪನಿಗೆ ಒಂದು ಕೊಟ್ಟೆ. ಅವರು ಎಡಗೈಯಲ್ಲಿ ಹಿಡಿದು ಒಂದು ಗುಟುಕು ಕುಡಿದವರು, ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

“ಇದೇನೇ, ಇಷ್ಟು ಸಕ್ಕರೆ?”

“ಕುಡೀರಿ ಅಪ್ಪ,” ಎಂದೆ. “ಆರಿಹೋಗತ್ತೆ.”